ಲಾರಿ ತಾಗಿದ ಮೇಲಿನ ಹತ್ತು ನಿಮಿಷ

(ಹೊಸ ಲಾರಿ ಚಾಲಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ರಿವರ್ಸ್ ತೆಗೆಯುವುದನ್ನು ಮಾತಿನಲ್ಲಿ ಕಲಿಸಲಾಗದು. ಅದಕ್ಕೆ ಮೈದಾನ ಬೇಕು, ಕೋನ್ ಬೇಕು, ಬೆವರು ಬೇಕು. ಆದರೆ ರಿವರ್ಸ್ ತೆಗೆಯುವಾಗ ಏನಕ್ಕಾದರೂ ತಾಗಿಬಿಟ್ಟರೆ ಮುಂದೇನು ಅನ್ನುವುದನ್ನು ಮೊದಲೇ ಕೇಳಿಸಿಕೊಂಡಿರಬೇಕು. ಆ ಹೊತ್ತಿಗೆ ಹೇಳಿಕೊಡುವವರು ಪಕ್ಕದಲ್ಲಿರುವುದಿಲ್ಲ, ಯೋಚಿಸುವ ತಾಳ್ಮೆಯೂ ನಿಮ್ಮಲ್ಲಿ ಉಳಿದಿರುವುದಿಲ್ಲ.

ಇವತ್ತಿನ ಮಾತು ಸಣ್ಣ ತಾಗುವಿಕೆಗೆ ಮಾತ್ರ ಸಂಬಂಧಿಸಿದ್ದು. ಪಕ್ಕದಲ್ಲಿ ನಿಂತ ಲಾರಿಯ ಕನ್ನಡಿ, ಗೋದಾಮಿನ ಕಂಬ, ಹಿಂದೆ ನಿಲ್ಲಿಸಿದ್ದ ಕಾರಿನ ಬಾನೆಟ್, ಗೇಟಿನ ಅಂಚು. ವೇಗ ಆಳು ನಡೆಯುವಷ್ಟೂ ಇಲ್ಲ, ಯಾರಿಗೂ ಪೆಟ್ಟಾಗಿಲ್ಲ. ಇಂಥ ಘಟನೆಯಲ್ಲಿ ಮೊದಲ ತಾಗುವಿಕೆಯ ಖರ್ಚು ಚಿಕ್ಕದಾಗಿರುತ್ತದೆ. ಅದನ್ನು ದೊಡ್ಡದು ಮಾಡುವುದು ಬಹಳ ಸಲ ಆಮೇಲೆ ನಡೆಯುವ ಕೆಲಸ: ಗಾಬರಿಯಿಂದ ಗಾಡಿಯನ್ನು ಮುಂದಕ್ಕೆ ಎಳೆಯುವುದು, ಬಾಯಿಗೆ ಬಂದದ್ದನ್ನು ಒಪ್ಪಿಕೊಳ್ಳುವುದು, ಅಥವಾ ಯಾರೂ ನೋಡಲಿಲ್ಲ ಅಂದುಕೊಂಡು ಹೊರಟುಬಿಡುವುದು.

ಮೊದಲು ಒಂದು ಲೆಕ್ಕ. ಒಟ್ಟು 40 ಟನ್ ತೂಗುವ ಲಾರಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹಿಂದೆ ಸರಿಯುತ್ತಿದೆ ಅನ್ನಿ. ಆ ಚಲನೆಯಲ್ಲಿರುವ ಶಕ್ತಿ, 1,200 ಕೆ.ಜಿ. ತೂಗುವ ಕಾರು ಗಂಟೆಗೆ ಸುಮಾರು 29 ಕಿ.ಮೀ. ವೇಗದಲ್ಲಿ ಓಡುವಾಗಿನ ಶಕ್ತಿಗೆ ಸಮ. 'ನಿಧಾನಕ್ಕೇ ಬರುತ್ತಿದ್ದೆ' ಅಂತ ನೀವು ಹೇಳುವುದು ಸುಳ್ಳಲ್ಲ, ಬಾನೆಟ್ ನಜ್ಜುಗುಜ್ಜಾದದ್ದೂ ಸುಳ್ಳಲ್ಲ. ಅದೇ ಕಾರಣಕ್ಕೆ ಕ್ಯಾಬಿನ್‌ನಲ್ಲಿ ಕೂತವರಿಗೆ ಎಷ್ಟೋ ಸಲ ತಾಗಿದ್ದೇ ಗೊತ್ತಾಗುವುದಿಲ್ಲ. 40 ಟನ್ನಿಗೆ ಒಂದು ಪ್ಲಾಸ್ಟಿಕ್ ಬಂಪರ್ ಯಾವ ಲೆಕ್ಕ? ಹಾಗಾಗಿ ಸಣ್ಣ ಸದ್ದು, ಎಂಜಿನ್ ಸ್ವಲ್ಪ ತಿಣುಕಿದಂತಾಗುವುದು, ಕನ್ನಡಿಯಲ್ಲಿ ಪಕ್ಕದ ಗಾಡಿ ಅಲುಗಿದಂತೆ ಕಾಣುವುದು, ಯಾರೋ ಕೂಗಿದ್ದು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ತಾಗಿದೆ ಅಂತಲೇ ತಿಳಿದು ನಿಲ್ಲಿಸಿ.

ನಿಲ್ಲಿಸಿ ಅಂದರೆ ನಿಲ್ಲಿಸುವುದಷ್ಟೇ. ಕ್ಲಚ್ ಮತ್ತು ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಟ್ರೇಲರ್‌ಗೆ ಬೇರೆ ಬ್ರೇಕ್ ಗುಂಡಿ ಇದ್ದರೆ ಅದನ್ನೂ ಹಾಕಿ. ನಾಲ್ಕೂ ಇಂಡಿಕೇಟರ್ ಹೊತ್ತಿಸಿ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಸ್ಟೇರಿಂಗನ್ನು ಮಾತ್ರ ಒಂದು ಇಂಚೂ ತಿರುಗಿಸಬೇಡಿ.

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಹೊಸಬರು ಹೆಚ್ಚು ಎಡವುವುದು ಇಲ್ಲೇ. ತಾಗಿದ ತಕ್ಷಣ ಕೈಕಾಲು ತಾವಾಗಿಯೇ ಮಾಡಲು ಹೊರಡುವ ಕೆಲಸವೆಂದರೆ ಮೊದಲ ಗೇರ್ ಹಾಕಿ ಮುಂದೆ ಹೋಗುವುದು. ತಪ್ಪನ್ನು ಅಳಿಸಿಹಾಕುವ ಆಸೆ ಅದು. ಆದರೆ ಟ್ರೇಲರ್‌ನ ಹಿಂಬದಿಯ ಮೂಲೆ ಬೋಳಾಗಿರುವುದಿಲ್ಲ. ಬಾಗಿಲ ಕೀಲು ಹೊರಗೆ ಚಾಚಿಕೊಂಡಿರುತ್ತದೆ, ಬಾಗಿಲು ಬಿಗಿಯುವ ಸರಳಿನ ಹಿಡಿ ಇರುತ್ತದೆ, ಕೆಳಗೆ ಕಾರು ನುಗ್ಗದಂತೆ ತಡೆಯುವ ಅಡ್ಡಪಟ್ಟಿಯ ತುದಿ ಇರುತ್ತದೆ. ಹಿಂದೆ ಬರುವಾಗ ಇವು ಪಕ್ಕದ ಲಾರಿಯ ಕನ್ನಡಿಯ ತೋಳನ್ನೋ ಬಂಪರಿನ ಅಂಚನ್ನೋ ದಾಟಿ ಒಳಗೆ ಹೋಗಿ ಕೂತಿರುತ್ತವೆ. ಒಳಗೆ ಹೋಗುವಾಗ ಬಾಗಿದ ಭಾಗ ಹೊರಗೆ ಬರುವಾಗ ಕೊಕ್ಕೆಯಾಗುತ್ತದೆ. ಗೀರಷ್ಟೇ ಆಗಿದ್ದ ಬಾನೆಟ್ ಕಿತ್ತುಕೊಂಡು ಬರುವುದು ಹೀಗೆ.

ಅದರ ಮೇಲೆ ಸ್ಟೇರಿಂಗ್ ಬೇರೆ ತಿರುಗಿಸಿದರೆ ಇನ್ನೂ ಕೆಟ್ಟದು. ತಾಗಿದ ಹೊತ್ತಿಗೆ ಚಕ್ರಗಳು ಎಷ್ಟು ತಿರುಗಿದ್ದವೋ ಅಷ್ಟೇ ಇಟ್ಟು ಮುಂದೆ ಬಂದರೆ ಗಾಡಿ ಹೆಚ್ಚೂಕಡಿಮೆ ಬಂದ ದಾರಿಯಲ್ಲೇ ವಾಪಸಾಗುತ್ತದೆ. ತಿರುಗಿಸಿಬಿಟ್ಟರೆ ಟ್ರೇಲರ್ ಬೇರೆ ಗೆರೆ ಹಿಡಿಯುತ್ತದೆ. ಹಿಂದಿನ ಚಕ್ರಗಳ ಆಚೆ ಚಾಚಿಕೊಂಡಿರುವ ಬಾಲ, ಮುಂದೆ ಬರುವುದರ ಜೊತೆಗೆ ಪಕ್ಕಕ್ಕೂ ಬೀಸುತ್ತದೆ. ಚಕ್ರಗಳಿಂದ ಹಿಂಬದಿಯವರೆಗಿನ ಉದ್ದ ಹೆಚ್ಚಿದ್ದಷ್ಟೂ ಬೀಸು ಹೆಚ್ಚು.

ಈಗ ಕೆಳಗಿಳಿಯಿರಿ. ಹಾರಬೇಡಿ, ಕೈ ನಡುಗುತ್ತಿರುವಾಗ ಕ್ಯಾಬಿನ್ ಮೆಟ್ಟಿಲಿಂದ ಜಾರಿ ಕಾಲು ಉಳುಕಿಸಿಕೊಂಡರೆ ಅದು ಎರಡನೇ ಅಪಘಾತ. ಇಳಿದ ಮೇಲೆ ಮೊದಲು ನೋಡಬೇಕಾದದ್ದು ಮನುಷ್ಯರನ್ನು. ಹಿಂದೆ, ಪಕ್ಕದಲ್ಲಿ, ಅಡಿಯಲ್ಲಿ ಬಗ್ಗಿ ನೋಡಿ. ತಾಗಿದ್ದು ಇನ್ನೊಂದು ಲಾರಿಗಾದರೆ ಅದರ ಬಾಗಿಲು ಬಡಿಯಿರಿ. ಒಳಗೆ ಚಾಲಕರು ಮಲಗಿರಬಹುದು, ಕ್ಯಾಬಿನ್ನಿನ ಮಲಗುವ ಹಲಗೆಯಿಂದ ಉರುಳಿ ಪೆಟ್ಟು ಮಾಡಿಕೊಂಡಿರಬಹುದು. ಯಾರಿಗಾದರೂ ಸ್ವಲ್ಪವೇ ನೋವಾಗಿದ್ದರೂ ಇವತ್ತಿನ 'ಸಣ್ಣ ತಾಗುವಿಕೆ'ಯ ಲೆಕ್ಕ ಅಲ್ಲಿಗೆ ಮುಗಿಯಿತು. ಆಂಬುಲೆನ್ಸ್ ಮತ್ತು ಪೊಲೀಸರಿಗೆ ಕರೆ ಮಾಡಿ, ಉಳಿದದ್ದೆಲ್ಲ ಆಮೇಲೆ.

ನಂತರ ಸೋರಿಕೆ. ನೆಲ ನೋಡಿ, ಮೂಸಿ, ಕಿವಿಗೊಡಿ. ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಎಂಜಿನ್ ತಂಪಾಗಿಡುವ ಕೂಲಂಟ್, ರೇಡಿಯೇಟರ್ ಒಡೆದಿರಬಹುದು. ಡೀಸೆಲ್ ವಾಸನೆ ಮೂಗಿಗೆ ಬೇಗ ಹತ್ತುತ್ತದೆ. ಬುಸ್ ಅನ್ನುವ ಸದ್ದು ಬ್ರೇಕಿನ ಗಾಳಿ ಪೈಪಿನದ್ದು. ಡೀಸೆಲ್ ಸೋರುತ್ತಿದ್ದರೆ ಎಂಜಿನ್ ಚಾಲೂ ಮಾಡಬೇಡಿ, ಸುತ್ತ ಯಾರೂ ಬೀಡಿ ಸಿಗರೇಟು ಹಚ್ಚದಂತೆ ನೋಡಿಕೊಳ್ಳಿ, ಚರಂಡಿಗೆ ಹರಿಯದಂತೆ ಮಣ್ಣೋ ಮರಳೋ ಅಡ್ಡ ಹಾಕಿ.

ಇಳಿಯಲೇಬಾರದ ಸಂದರ್ಭವೂ ಒಂದಿದೆ. ವಿದ್ಯುತ್ ಕಂಬಕ್ಕೆ ತಾಗಿ ತಂತಿ ಲಾರಿಯ ಮೇಲೆ ಬಿದ್ದಿದ್ದರೆ ಕ್ಯಾಬಿನ್‌ನಲ್ಲೇ ಇರಿ. ಸುತ್ತಲಿನವರನ್ನು ದೂರ ಹೋಗುವಂತೆ ಕೂಗಿ ಹೇಳಿ, ಫೋನ್ ಮಾಡಿ, ವಿದ್ಯುತ್ ಕಡಿತವಾಗಿದೆ ಎಂದು ಸಂಬಂಧಪಟ್ಟವರು ಹೇಳುವವರೆಗೆ ಕಾಯಿರಿ. ಬೆಂಕಿ ಹತ್ತಿ ಇಳಿಯಲೇಬೇಕಾಗಿ ಬಂದರೆ ಲಾರಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹೊರಗೆ ಜಿಗಿಯಿರಿ. ಪಾದಗಳನ್ನು ಅಗಲಿಸದೆ, ನೆಲದಿಂದ ಎತ್ತದೆ, ಜರುಗಿಸಿಕೊಂಡು 10 ಮೀಟರಿಗೂ ಹೆಚ್ಚು ದೂರ ಸರಿಯಿರಿ. ತಂತಿ ಬಿದ್ದ ಸುತ್ತಲ ನೆಲದಲ್ಲಿ ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ವೋಲ್ಟೇಜ್ ಬದಲಾಗುತ್ತದೆ. ಕಾಲು ಅಗಲಿಸಿದರೆ ಆ ವ್ಯತ್ಯಾಸ ದೇಹದ ಮೂಲಕ ಹರಿಯುತ್ತದೆ.

ಇನ್ನು ಫೋಟೊ. ಗಾಡಿ ಕದಲಿಸುವ ಮೊದಲೇ ತೆಗೆಯಬೇಕು. ಹತ್ತಿರದಿಂದ ಡೆಂಟ್ ಒಂದನ್ನೇ ತೆಗೆದು ಮುಗಿಸುವವರು ಬಹಳ. ಅದರಿಂದ ಏನೂ ತಿಳಿಯುವುದಿಲ್ಲ. ಅದು ಯಾವ ಗಾಡಿಯ ಯಾವ ಭಾಗ ಅನ್ನುವುದೂ ಕಾಣುವುದಿಲ್ಲ. ದೂರದಿಂದ ಶುರುಮಾಡಿ. ಎರಡೂ ವಾಹನ ಪೂರ್ತಿ ಕಾಣುವಂತೆ ನಾಲ್ಕೂ ಮೂಲೆಯಿಂದ ಒಂದೊಂದು. ಆಮೇಲೆ ಐದಾರು ಹೆಜ್ಜೆ ದೂರದಿಂದ ತಾಗಿದ ಜಾಗ. ಆಮೇಲೆ ಹತ್ತಿರದಿಂದ. ನೆಲದ ಮೇಲಿನ ಪಾರ್ಕಿಂಗ್ ಗೆರೆ ಸೇರಿಸಿಕೊಳ್ಳಿ. ಪಕ್ಕದ ಗಾಡಿ ತನ್ನ ಗೆರೆ ದಾಟಿ ನಿಂತಿತ್ತೋ ಇಲ್ಲವೋ ಎಂಬುದಕ್ಕೆ ಆಮೇಲೆ ಬೇರೆ ಸಾಕ್ಷಿ ಸಿಗಲಿಕ್ಕಿಲ್ಲ. ನಿಮ್ಮ ಮುಂದಿನ ಚಕ್ರ ಎತ್ತ ತಿರುಗಿದೆ, ನಂಬರ್ ಪ್ಲೇಟ್‌ಗಳು, ಆ ಜಾಗದ ಬೆಳಕು, ಬಿದ್ದ ಚೂರುಗಳು, ಇವೂ ಇರಲಿ.

ಹಾನಿಯಾಗದ ಬದಿಗಳನ್ನೂ ತೆಗೆಯಿರಿ. ವಾರ ಕಳೆದ ಮೇಲೆ 'ಆ ಕಡೆಯ ಲೈಟೂ ನೀವೇ ಒಡೆದದ್ದು' ಅಂತ ಮಾತು ಬಂದರೆ ಆ ಫೋಟೊ ಉತ್ತರ ಹೇಳುತ್ತದೆ. ಹಳೆಯ ಪೆಟ್ಟನ್ನು ಗುರುತಿಸುವುದು ಕಷ್ಟವಲ್ಲ. ಹೊಸ ಗೀರಿನಲ್ಲಿ ಲೋಹ ಹೊಳೆಯುತ್ತದೆ, ಬಣ್ಣದ ಪುಡಿ ಅಂಟಿಕೊಂಡಿರುತ್ತದೆ. ಹಳೆಯದರಲ್ಲಿ ತುಕ್ಕು ಇರುತ್ತದೆ, ಧೂಳು ಕೂತಿರುತ್ತದೆ. ಅಳತೆ ಟೇಪ್ ಇದ್ದರೆ ಎರಡೂ ಗಾಡಿಯ ಗುರುತು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಟೇಪ್ ಹಿಡಿದೇ ಫೋಟೊ ತೆಗೆಯಿರಿ. ನಿಮ್ಮ ಟ್ರೇಲರ್ ಮೂಲೆಯ ಗುರುತು 110 ಸೆಂ.ಮೀ. ಎತ್ತರದಲ್ಲಿದ್ದು, ಅವರ ಬಾಗಿಲಿನ ಡೆಂಟ್ 70 ಸೆಂ.ಮೀ. ಎತ್ತರದಲ್ಲಿದ್ದರೆ, ಆ ಡೆಂಟ್ ಆ ಮೂಲೆಯಿಂದ ಆದದ್ದಲ್ಲ.

ಒಂದು ಕಡೆ ತಾಗಿದರೆ ಇನ್ನೊಂದು ತುದಿಯನ್ನೂ ನೋಡಲೇಬೇಕು. ಟ್ರೇಲರನ್ನು ಒಂದು ಕಡೆ ತಿರುಗಿಸುವಾಗ ಕ್ಯಾಬಿನ್‌ನ ಮೂತಿ ಪಕ್ಕಕ್ಕೆ ಬೀಸುತ್ತಾ ಹೋಗುತ್ತದೆ. ಕಣ್ಣು ಕನ್ನಡಿಯಲ್ಲಿ ಹಿಂಬದಿಯ ಮೂಲೆಗೇ ನೆಟ್ಟಿರುವುದರಿಂದ ಮುಂದಿನ ಬಂಪರ್ ಎದುರು ಸಾಲಿನ ಗಾಡಿಯನ್ನು ಸವರಿದ್ದು ಗೊತ್ತೇ ಆಗುವುದಿಲ್ಲ. ಮೇಲಕ್ಕೂ ನೋಡಿ. ಚಾವಣಿಯ ಅಂಚು, ದೀಪದ ಕೊಂಬೆ, ಮರದ ರೆಂಬೆ ಕನ್ನಡಿಗೆ ಬೀಳುವುದೇ ಇಲ್ಲ.

ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ಕೂಡಲೇ ಲಾಕ್ ಮಾಡಿ ಅಥವಾ ಮೆಮೊರಿ ಕಾರ್ಡ್ ತೆಗೆದಿಡಿ. ಈ ಕ್ಯಾಮೆರಾಗಳು ಜಾಗ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತವೆ. ಜೋರಾದ ಕುಲುಕಾಟವಾದರೆ ತಾವೇ ಲಾಕ್ ಮಾಡಿಕೊಳ್ಳುತ್ತವೆ, ನಿಜ. ಆದರೆ ರಿವರ್ಸ್‌ನ ಸಣ್ಣ ತಾಗುವಿಕೆ ಅದಕ್ಕೆ ಕುಲುಕಾಟವೇ ಅಲ್ಲ.

ಈಗ ಬಿಡಿಸಿಕೊಳ್ಳುವ ಕೆಲಸ. ಏನೂ ಸಿಕ್ಕಿಕೊಂಡಿಲ್ಲ ಎಂದು ಕಣ್ಣಾರೆ ಕಂಡರೆ ಸರಿ. ಸಿಕ್ಕಿಕೊಂಡಿದ್ದರೆ ಕನ್ನಡಿಯ ತೋಳು ಮಡಚಲು ಬರುತ್ತದೆಯೇ, ಒಂದೆರಡು ಬೋಲ್ಟ್ ಬಿಚ್ಚಿದರೆ ಸಾಕೇ ನೋಡಿ. ಬೇರೆಯವರ ಗಾಡಿಯನ್ನು ಅವರನ್ನು ಕೇಳದೆ ಮುಟ್ಟಬೇಡಿ. ಏರ್ ಸಸ್ಪೆನ್ಷನ್ (ಗಾಡಿಯನ್ನು ಹೊರುವ ಗಾಳಿ ಚೀಲಗಳು) ಇದ್ದರೆ ಎತ್ತರ ಬದಲಿಸಿ ಬಿಡಿಸಿಕೊಳ್ಳುವುದೂ ಉಂಟು. ಆದರೆ ಅಡಿಯಲ್ಲಿ ಏನು ಸಿಕ್ಕಿದೆ ಎಂದು ನೋಡದೆ ಇಳಿಸಿದರೆ ಅದರ ಮೇಲೇ ಕೂರುತ್ತದೆ. ನೆಲ ಹಿಂದಕ್ಕೆ ಇಳಿಜಾರಾಗಿದ್ದರೆ ಚಕ್ರದ ಹಿಂದೆ ಮರದ ತುಂಡನ್ನೋ ದಪ್ಪ ಕಲ್ಲನ್ನೋ ಕೊಡಿ, ಇಲ್ಲದಿದ್ದರೆ ಬ್ರೇಕ್ ಬಿಟ್ಟ ಕ್ಷಣ ಗಾಡಿ ಇನ್ನಷ್ಟು ಒಳಗೆ ಜಾರುತ್ತದೆ. ತಾಗಿದ ಜಾಗ ಕಾಣುವಂತೆ, ಆದರೆ ಎರಡು ಗಾಡಿಗಳ ನಡುವೆ ಅಲ್ಲ, ಒಬ್ಬರನ್ನು ನಿಲ್ಲಿಸಿ. ಸ್ಟೇರಿಂಗ್ ಇದ್ದಂತೆಯೇ ಇಟ್ಟು, ಅತಿ ಚಿಕ್ಕ ಗೇರಿನಲ್ಲಿ, ಗೇಣುದ್ದ ಮುಂದೆ ಬಂದು ನಿಲ್ಲಿಸಿ. ನೋಡಿ. ಮತ್ತೆ ಗೇಣುದ್ದ. ಎಳೆತ ಕಂಡರೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಮಾತಿನ ವಿಷಯಕ್ಕೆ ಬರೋಣ. ಎದುರಿನವರು ಸಿಟ್ಟಿನಲ್ಲೇ ಬರುತ್ತಾರೆ. 'ನಿಮಗೆ ಪೆಟ್ಟಾಗಲಿಲ್ಲ ತಾನೆ? ಹೀಗಾಗಿದ್ದಕ್ಕೆ ಬೇಸರವಾಗಿದೆ' ಅನ್ನುವುದರಲ್ಲಿ ತಪ್ಪಿಲ್ಲ, ಅದು ಮನುಷ್ಯತ್ವ. 'ಎಲ್ಲಾ ನನ್ನದೇ ತಪ್ಪು, ಎಷ್ಟಾದರೂ ಕೊಡುತ್ತೇನೆ' ಅನ್ನುವುದು ಬೇರೆ. ಹೊಣೆ ಯಾರದು, ಎಷ್ಟು ಎಂಬುದನ್ನು ತೀರ್ಮಾನಿಸುವುದು ವಿಮಾ ಕಂಪನಿಯ ಕೆಲಸ, ಮತ್ತು ನೀವು ಕೊಟ್ಟ ಮಾತು ನಿಮ್ಮ ವಿಮೆಯನ್ನೇ ಇಕ್ಕಟ್ಟಿಗೆ ಸಿಲುಕಿಸಬಹುದು. ಅವರು ಬರೆದು ತಂದ ಕಾಗದಕ್ಕೆ ಸಹಿ ಹಾಕಬೇಡಿ. ಹೆಸರು, ಫೋನ್, ವಾಹನ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ವಿಮಾ ಕಂಪನಿ ಮತ್ತು ಪಾಲಿಸಿ ಸಂಖ್ಯೆ, ಇಷ್ಟನ್ನು ಇಬ್ಬರೂ ಹಂಚಿಕೊಳ್ಳಿ. ನೋಡಿದವರಿದ್ದರೆ ಅವರ ಹೆಸರು, ನಂಬರನ್ನೂ ಕೇಳಿಕೊಳ್ಳಿ; ಸಾಕ್ಷಿಗಳು ಬೇಗ ಚದುರುತ್ತಾರೆ.

ಗಾಡಿಯ ಮಾಲೀಕರು ಅಲ್ಲಿ ಇಲ್ಲದಿದ್ದರೆ ಮೊದಲು ಕಾವಲುಗಾರರಿಗೋ ಕಚೇರಿಗೋ ಹೇಳಿ ಹುಡುಕಿಸಿ. ಸಿಗಲೇ ಇಲ್ಲವಾದರೆ ಚೀಟಿ ಬರೆದಿಡಿ: ದಿನಾಂಕ, ಸಮಯ, 'ನನ್ನ ಲಾರಿ ರಿವರ್ಸ್ ಬರುವಾಗ ನಿಮ್ಮ ವಾಹನದ ಎಡಗಡೆ ಕನ್ನಡಿಗೆ ತಾಗಿದೆ', ನಿಮ್ಮ ಹೆಸರು, ಫೋನ್, ವಾಹನ ಸಂಖ್ಯೆ, ಕಂಪನಿ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವೈಪರ್‌ಗೆ ಸಿಕ್ಕಿಸಿ, ಸಿಕ್ಕಿಸಿದ್ದರ ಫೋಟೊ ತೆಗೆಯಿರಿ. ಹೇಳದೆ ಹೊರಟರೆ ಹೆಚ್ಚಿನ ದೇಶಗಳಲ್ಲಿ ಅದು ಅಪರಾಧ. ಒಡೆದ ಕನ್ನಡಿ ವಿಮೆಯಲ್ಲಿ ಮುಗಿಯುವ ವಿಷಯವಾಗಿತ್ತು. ಓಡಿಹೋದದ್ದು ಲೈಸೆನ್ಸಿನ ವಿಷಯವಾಗುತ್ತದೆ.

ಕಂಪನಿಗೆ ಫೋನ್ ಮಾಡುವುದನ್ನು ಸಂಜೆಗೆ ಉಳಿಸಿಕೊಳ್ಳಬೇಡಿ, ಸ್ಥಳದಿಂದಲೇ ಮಾಡಿ. ಪೊಲೀಸರಿಗೆ ಯಾವಾಗ ತಿಳಿಸಬೇಕು ಎಂಬ ನಿಯಮ ಒಂದೊಂದು ಕಡೆ ಒಂದೊಂದು ಥರ, ನೀವು ಓಡಿಸುವ ಕಡೆಯದನ್ನು ಮೊದಲೇ ತಿಳಿದಿಟ್ಟುಕೊಳ್ಳಿ. ಗಾಯ, ಸಾರ್ವಜನಿಕ ಆಸ್ತಿಗೆ ಹಾನಿ, ರಸ್ತೆ ಬಂದ್ ಆಗಿರುವುದು, ಇಂಧನ ಸೋರಿಕೆ, ಜಗಳ, ಇವುಗಳಲ್ಲಿ ಯಾವುದಿದ್ದರೂ ಕರೆಯುವುದೇ ಸರಿ.

ವರದಿ ಬರೆಯುವಾಗ ಕಂಡದ್ದನ್ನು ಬರೆಯಿರಿ, ಊಹೆ ಬೇಡ. 'ಕಾರು ಏಕಾಏಕಿ ಬಂತು' ಅಲ್ಲ. 'ರಿವರ್ಸ್ ಶುರುಮಾಡುವ ಮೊದಲು ಇಳಿದು ನೋಡಿದಾಗ ಆ ಜಾಗ ಖಾಲಿ ಇತ್ತು, ಸುಮಾರು ಎರಡು ನಿಮಿಷದ ನಂತರ ತಾಗಿತು' ಎಂಬುದು ಬರಹ. ಇಳಿದು ನೋಡಿರದಿದ್ದರೆ ನೋಡಿದೆ ಅಂತ ಬರೆಯಬೇಡಿ. ಬ್ರೇಕ್ ಹಿಡಿಯಲಿಲ್ಲ ಎಂಬ ಸುಳ್ಳನ್ನಂತೂ ಬರೆಯಲೇಬೇಡಿ. ಬ್ರೇಕ್ ಪರೀಕ್ಷೆ ಮಾಡುತ್ತಾರೆ, ಸರಿಯಾಗಿಯೇ ಇರುತ್ತದೆ, ಅಲ್ಲಿಂದ ಮುಂದೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಹೊರಡುವ ಮುನ್ನ ನಿಮ್ಮ ಗಾಡಿ ರಸ್ತೆಗೆ ಯೋಗ್ಯವೇ ನೋಡಿಕೊಳ್ಳಿ. ಹಿಂದಿನ ಬ್ರೇಕ್ ಲೈಟ್, ಇಂಡಿಕೇಟರ್, ರಿಫ್ಲೆಕ್ಟರ್. ಕೆಳಗಿನ ಅಡ್ಡಪಟ್ಟಿ ಬಾಗಿ ಟೈರಿಗೆ ಉಜ್ಜುತ್ತಿದೆಯೇ. ಬಾಗಿಲ ಕೀಲು, ಬೀಗ. ಟೈರಿನ ಪಕ್ಕೆಯನ್ನು ಕೈಯಿಂದ ಸವರಿ ನೋಡಿ. ಪಕ್ಕೆಯಲ್ಲಿ ಒಳಗಿನ ತಂತಿಯೋ ದಾರವೋ ಕಾಣುವಂತೆ ಸೀಳಿದ್ದರೆ ಆ ಟೈರಿನ ಮೇಲೆ ಹೋಗುವಂತಿಲ್ಲ. ಗಾಳಿ ಒತ್ತಡ ಪೂರ್ತಿ ಏರಿಸಿ, ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಎಂಜಿನ್ ಆರಿಸಿ. ಬ್ರೇಕ್ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು ಗಾಳಿ ಒತ್ತಡದ ಮೀಟರಿನ ಮುಳ್ಳು ನೋಡಿ. ಒತ್ತಿದಾಗ ಒಮ್ಮೆ ಇಳಿದದ್ದು ಸರಿ, ಆಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಸರಕಿನ ಸೀಲ್ ಹರಿದಿದ್ದರೆ ಅದರ ಸಂಖ್ಯೆಯ ಫೋಟೊ ತೆಗೆದು ಕಂಪನಿಗೆ ಕಳಿಸಿ, ಅವರು ಹೇಳುವವರೆಗೆ ಬಾಗಿಲು ತೆರೆಯಬೇಡಿ.

ಪ್ರಶ್ನೆಗಳು

'ಕೆಲಸ ಹೋಗುತ್ತದೆಯೇ?' ಅಂತ ಒಬ್ಬರು ಕೇಳಿದರು. ಕಂಪನಿಯಿಂದ ಕಂಪನಿಗೆ ಬೇರೆ. ಸಣ್ಣ ತಾಗುವಿಕೆಯನ್ನು ಹೊಸಬರ ಕಲಿಕೆಯ ಖರ್ಚು ಅಂತ ನೋಡುವವರು ಇದ್ದಾರೆ, ಮತ್ತೆ ತರಬೇತಿಗೆ ಕಳಿಸುವವರು ಇದ್ದಾರೆ, ತೆಗೆದುಹಾಕುವವರೂ ಇದ್ದಾರೆ. ಆದರೆ ಮುಚ್ಚಿಟ್ಟು ಸಿಕ್ಕಿಬಿದ್ದವರ ಪರ ಮಾತಾಡಲು ಯಾವ ಮೇಲ್ವಿಚಾರಕರಿಗೂ ಬಾಯಿ ಬರುವುದಿಲ್ಲ. ಗೋದಾಮಿನ ಅಂಗಳದಲ್ಲಿ ಕ್ಯಾಮೆರಾ ಇಲ್ಲದ ಮೂಲೆ ಈಗ ಅಪರೂಪ.

'ಅಲ್ಲೇ ನಗದು ಕೊಟ್ಟು ಮುಗಿಸಿಕೊಂಡರೆ?' ಗಾಡಿ ನಿಮ್ಮದಲ್ಲದಿದ್ದರೆ ಆ ತೀರ್ಮಾನವೂ ನಿಮ್ಮದಲ್ಲ. ಸ್ವಂತ ಗಾಡಿಯಾದರೂ ಬಂಪರಿನ ಹಿಂದೆ ಏನು ಮುರಿದಿದೆ ಅಂತ ಹೊರಗಿಂದ ಕಾಣುವುದಿಲ್ಲ. ಇವತ್ತು ಹಣ ತೆಗೆದುಕೊಂಡವರು ನಾಳೆ ರೇಡಿಯೇಟರ್ ಬಿಲ್ ತಂದರೆ ನಿಮ್ಮ ಬಳಿ ಕಾಗದವೂ ಇಲ್ಲ, ವಿಮೆಗೆ ತಿಳಿಸುವ ಅವಧಿಯೂ ಮೀರಿರಬಹುದು.

'ಕೈ ತೋರಿಸುತ್ತಿದ್ದವರು ಬಾ ಬಾ ಅಂದರು, ಅದಕ್ಕೇ ಬಂದೆ. ಆಗ ತಪ್ಪು ಯಾರದು?' ಸ್ಟೇರಿಂಗ್ ಹಿಡಿದವರು ಸಾಮಾನ್ಯವಾಗಿ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಶುರುಮಾಡುವ ಮುನ್ನವೇ ಸನ್ನೆಗಳನ್ನು ಮಾತಾಡಿಕೊಳ್ಳಿ, ಮುಖ್ಯವಾಗಿ 'ನಿಲ್ಲು' ಅನ್ನುವುದನ್ನು. ಅವರು ಕನ್ನಡಿಯಿಂದ ಮರೆಯಾದ ಕ್ಷಣ ಗಾಡಿ ನಿಲ್ಲಬೇಕು. ಅವರು ಎಲ್ಲಿದ್ದಾರೆ ಎಂಬುದು ಗೊತ್ತಿಲ್ಲದಿರುವಾಗ ಅವರು ಚಕ್ರದ ಹಿಂದೆಯೇ ಇರಬಹುದು. ಇಬ್ಬರು ಸನ್ನೆ ಮಾಡುತ್ತಿದ್ದರೆ ಒಬ್ಬರನ್ನು ಸುಮ್ಮನಿರಿಸಿ.

'ತಾಗಿದ್ದೇ ಗೊತ್ತಾಗಲಿಲ್ಲ, ಎರಡು ದಿನ ಬಿಟ್ಟು ಫೋನ್ ಬಂತು ಅಂದರೆ?' ಇಲ್ಲವೇ ಇಲ್ಲ ಅಂತ ಜಗಳಕ್ಕೆ ನಿಲ್ಲಬೇಡಿ, ಹೌದು ಅಂತಲೂ ಒಪ್ಪಬೇಡಿ. ದಿನಾಂಕ, ಸಮಯ, ಜಾಗ ಬರೆದುಕೊಳ್ಳಿ, ಅವರ ಫೋಟೊ ಕೇಳಿ, ನಿಮ್ಮ ಗಾಡಿಯ ನಾಲ್ಕೂ ಮೂಲೆ ನೋಡಿ, ಅವರ ಗಾಡಿಯ ಬಣ್ಣ ಎಲ್ಲಾದರೂ ಅಂಟಿದೆಯೇ ಹುಡುಕಿ, ತೊಳೆಸುವ ಮೊದಲು ಫೋಟೊ ತೆಗೆದು ಕಂಪನಿಗೆ ಒಪ್ಪಿಸಿ. ದಿನವೂ ಬೆಳಿಗ್ಗೆ ಹೊರಡುವ ಮುನ್ನ ಗಾಡಿ ಸುತ್ತಿ ನಾಲ್ಕು ಫೋಟೊ ತೆಗೆಯುವ ಅಭ್ಯಾಸ ಇದ್ದವರಿಗೆ ಈ ಫೋನ್ ಹೆಚ್ಚು ನೋವು ಕೊಡುವುದಿಲ್ಲ.

ಕೊನೆಯ ಪ್ರಶ್ನೆ: 'ಇಷ್ಟೆಲ್ಲ ಆದ ಮೇಲೂ ಆ ಲಾರಿಯನ್ನು ಅದೇ ಜಾಗಕ್ಕೆ ಹಿಂದೆ ತೆಗೆಯಲೇಬೇಕಲ್ಲ, ಕೈ ನಡುಗುತ್ತಿದ್ದರೆ?' ಕೂಡಲೇ ತೆಗೆಯಬೇಡಿ. ನೀರು ಕುಡಿಯಿರಿ, ಹತ್ತು ನಿಮಿಷ ಕೂತುಕೊಳ್ಳಿ. ಬೇರೆ ಸುಲಭದ ಜಾಗ ಇದ್ದರೆ ಅಲ್ಲಿಗೆ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ. ಅದೇ ಜಾಗವೇ ಆಗಬೇಕೆಂದರೆ ಅರ್ಧಕ್ಕೆ ನಿಂತಲ್ಲಿಂದ ಸರಿಪಡಿಸಲು ಹೋಗದೆ ಪೂರ್ತಿ ಹೊರಗೆ ಬನ್ನಿ, ಕ್ಯಾಬಿನ್ ಮತ್ತು ಟ್ರೇಲರ್ ಒಂದೇ ಗೆರೆಯಲ್ಲಿ ನೇರವಾಗುವವರೆಗೆ. ಸಾಧ್ಯವಾದರೆ ಡ್ರೈವರ್ ಬದಿಯ ಕಿಟಕಿಯಿಂದ ಟ್ರೇಲರ್ ಕಾಣುವ ಕಡೆಯಿಂದ ಬನ್ನಿ. ಇನ್ನೊಂದು ಬದಿಯಿಂದ, ಅಂದರೆ ಕುರುಡು ಬದಿಯಿಂದ ಬಂದರೆ ಟ್ರೇಲರ್ ಮಡಚಿದ ಕೂಡಲೇ ಆ ಕನ್ನಡಿಯಲ್ಲಿ ಅದರ ಪಕ್ಕೆಯಷ್ಟೇ ಕಾಣುತ್ತದೆ, ಮೂಲೆ ಕಾಣುವುದಿಲ್ಲ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ. ವೇಗ ಗಂಟೆಗೆ 3 ಕಿ.ಮೀ. ಮೀರದಿರಲಿ. 5 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 1.4 ಮೀಟರ್ ಸರಿಯುತ್ತದೆ. ನೀವು ಕಂಡು ಕಾಲಿಡಲು ಒಂದು ಸೆಕೆಂಡ್, ಗಾಳಿ ಬ್ರೇಕ್ ಹಿಡಿಯಲು ಇನ್ನು ಅರ್ಧ ಸೆಕೆಂಡ್ ಅಂದರೂ ಎರಡು ಮೀಟರ್ ಹೋಗಿರುತ್ತದೆ. 3 ಕಿ.ಮೀ.ಯಲ್ಲಿ ಅದು ಒಂದೂಕಾಲು ಮೀಟರಿಗೆ ಇಳಿಯುತ್ತದೆ. ಹಿಂದೆ ಅಷ್ಟು ಜಾಗ ಉಳಿದಿದೆ ಅನ್ನುವಾಗಲೇ ನಿಲ್ಲಿಸಿ, ಇಳಿದು ಹೋಗಿ ನೋಡಿ, ಬಂದು ಉಳಿದದ್ದನ್ನು ತೆಗೆಯಿರಿ. ಹಿಂದೆ ಕಾಯುತ್ತಿರುವವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.